ಅನಿಮೆ ಎಲ್ಲಿಂದ ಶುರು ಮಾಡಲಿ ಅನ್ನುವವರಿಗೆ: ‘ಮೊರಿಬಿತೊ’ ನೋಡಿ

ರಾಜ, ದೈವ, ಮಾಯೆ ಎಲ್ಲ ಇರುವ ಒಂದು ಒಳ್ಳೆಯ ಫ್ಯಾಂಟಸಿ ಅನಿಮೆ (ಜಪಾನಿನ ಕಾರ್ಟೂನ್) ನೋಡಬೇಕು, ಎಲ್ಲಿಂದ ಶುರು ಮಾಡಲಿ ಅಂತ ಯಾರೇ ಕೇಳಿದರೂ ನಾನು ಹೇಳುವುದು ಒಂದೇ ಹೆಸರು, ‘ಸೇಯ್‌ರೇ ನೊ ಮೊರಿಬಿತೊ’. ಇಂಗ್ಲಿಷ್‌ನಲ್ಲಿ ಹುಡುಕುವವರು ‘ಮೊರಿಬಿತೊ: ಗಾರ್ಡಿಯನ್ ಆಫ್ ದ ಸ್ಪಿರಿಟ್’ ಅಂತ ಹಾಕಿ, ಸಿಗುತ್ತದೆ. 2007ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಜಪಾನಿನ ಎನ್‌ಎಚ್‌ಕೆ ವಾಹಿನಿಯಲ್ಲಿ ಬಂದ ಸರಣಿ ಇದು. ಒಟ್ಟು 26 ಎಪಿಸೋಡ್, ಒಂದೊಂದೂ ಸುಮಾರು 25 ನಿಮಿಷ. ಶುರುವಾದ ಕಥೆ ಅಷ್ಟರಲ್ಲೇ ಮುಗಿಯುತ್ತದೆ. ಮುಂದಿನ ಸೀಸನ್ ಬರಲಿ ಅಂತ ಕಾಯುವ ಕೆಲಸ ಇಲ್ಲ.

ಚಿತ್ರದುರ್ಗದ ಹೊಳಲ್ಕೆರೆ ರಸ್ತೆಯಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಹೊಲದ ಬೋರ್‌ವೆಲ್ ಮೋಟಾರ್ ಸುಟ್ಟರೆ ರೈತರು ತಂದು ಇಳಿಸುತ್ತಾರೆ. ಜೊತೆಯಲ್ಲಿ ಮಕ್ಕಳೂ ಬರುತ್ತಾರೆ. ಅಪ್ಪ ನನ್ನ ಹತ್ತಿರ ರೇಟು ಮಾತಾಡುವಾಗ ಮಗ ಮೂಲೆಯ ಸ್ಟೂಲ್ ಮೇಲೆ ಕೂತು ಮೊಬೈಲ್‌ನಲ್ಲಿ ಅನಿಮೆ ಕ್ಲಿಪ್ ನೋಡುತ್ತಿರುತ್ತಾನೆ. ಮಾತಿಗೆ ಮಾತು ಬೆಳೆದು ನಾನೂ ನೋಡುತ್ತೇನೆ ಅಂತ ಗೊತ್ತಾದರೆ ಅವರ ಕಣ್ಣು ಅರಳುತ್ತದೆ. ಅವರಿಗೆ ಗೊತ್ತಿರುವುದು ಬಹುಪಾಲು ನೂರಾರು ಎಪಿಸೋಡ್ ಇರುವ, ಹೊಡೆದಾಟ ಜಾಸ್ತಿ ಇರುವ ಸರಣಿಗಳು. ಅವು ಚೆನ್ನಾಗಿಯೇ ಇವೆ, ನಾನೂ ಖುಷಿಯಾಗಿ ನೋಡಿದ್ದೇನೆ. ಆದರೆ ಹೊಸಬರು ಅಲ್ಲಿಂದ ಶುರು ಮಾಡಿದರೆ ಅರ್ಧದಲ್ಲೇ ಸುಸ್ತಾಗಿ ಬಿಡುತ್ತಾರೆ. ಅನಿಮೆ ಅಂದರೆ ಇಷ್ಟೇ ಅಂದುಕೊಂಡು ದೂರ ಸರಿದವರನ್ನು ಬೇಕಾದಷ್ಟು ನೋಡಿದ್ದೇನೆ. ಅಂಥವರಿಗೂ, ಕಾರ್ಟೂನ್ ಮಕ್ಕಳಿಗೆ ಮಾತ್ರ ಅನ್ನುವವರಿಗೂ ನಾನು ಮೊರಿಬಿತೊ ತೋರಿಸುತ್ತೇನೆ.

ಕಥೆ ಜಾಸ್ತಿ ಬಿಟ್ಟುಕೊಡದೆ ಹೇಳುತ್ತೇನೆ. ಹೊಸ ಯೋಗೊ ಅಂತ ಒಂದು ಸಾಮ್ರಾಜ್ಯ. ಅಲ್ಲಿನ ಎರಡನೇ ರಾಜಕುಮಾರ ಚಾಗುಮ್, ಇನ್ನೂ ಹುಡುಗ. ಅವನ ಮೈಯೊಳಗೆ ಏನೋ ಸೇರಿಕೊಂಡಿದೆ. ಇನ್ನೂರು ವರ್ಷದ ಹಿಂದೆ ರಾಜ್ಯ ಕಟ್ಟಿದ ಮೂಲಪುರುಷ ಒಂದು ನೀರಿನ ಪಿಶಾಚಿಯನ್ನು ಕೊಂದು ನಾಡನ್ನು ಬರದಿಂದ ಉಳಿಸಿದ ಅಂತ ಅಲ್ಲಿನ ರಾಜಚರಿತ್ರೆ ಹೇಳುತ್ತದೆ. ಹುಡುಗನ ಒಳಗೆ ಇರುವುದು ಅದೇ ಪಿಶಾಚಿ ಅನ್ನುವುದು ಅರಮನೆಯ ಅನುಮಾನ. ದೇವರ ವಂಶ ಅಂತ ಜನ ನಂಬಿರುವ ಮನೆತನದಲ್ಲಿ ಇಂಥದ್ದು ಹುಟ್ಟಿದೆ ಅಂತ ಹೊರಗೆ ಗೊತ್ತಾಗಬಾರದು. ಹಾಗಾಗಿ ಅಪ್ಪ ಚಕ್ರವರ್ತಿಯೇ ಗುಟ್ಟಾಗಿ ಮಗನನ್ನು ಮುಗಿಸಲು ಆಳು ಬಿಡುತ್ತಾನೆ. ತಾಯಿ, ಅಂದರೆ ಎರಡನೇ ರಾಣಿ, ಮಗನನ್ನು ಒಬ್ಬ ಪರದೇಶಿ ಹೆಂಗಸಿನ ಕೈಗೆ ಒಪ್ಪಿಸುತ್ತಾಳೆ. ಅವಳೇ ಬಾಲ್ಸಾ. ಭರ್ಜಿ ಹಿಡಿದು, ಕೂಲಿಗೆ ಜನರ ಪ್ರಾಣ ಕಾಯುವವಳು.

ಬಾಲ್ಸಾಗೆ ಮೂವತ್ತು ವರ್ಷ. ಅನಿಮೆ ನೋಡಿದವರಿಗೆ ಇದು ಎಷ್ಟು ಅಪರೂಪ ಅಂತ ಗೊತ್ತು. ಇಂಥ ಕಥೆಗಳಲ್ಲಿ ಲೋಕ ಉಳಿಸುವವರು ಸಾಮಾನ್ಯವಾಗಿ ಹೈಸ್ಕೂಲ್ ಹುಡುಗ ಹುಡುಗಿಯರು. ಇವಳು ಬಿಸಿಲು ಮಳೆಯಲ್ಲಿ ಅಲೆದು ಕಪ್ಪಾದವಳು, ಮೈತುಂಬ ಹಳೆಯ ಗಾಯದ ಕಲೆ ಇರುವವಳು, ದುಡಿದು ತಿನ್ನುವವಳು. ಮೊದಲ ಎಪಿಸೋಡ್‌ನಲ್ಲಿ ಸೇತುವೆ ಮೇಲಿಂದ ಹೊಳೆಗೆ ಬಿದ್ದ ರಾಜಕುಮಾರನನ್ನು ಕಾಪಾಡುತ್ತಾಳೆ. ಅವತ್ತು ರಾತ್ರಿ ರಾಣಿ ಕರೆಸಿಕೊಂಡು ಹಣ, ಒಡವೆ ಮುಂದಿಟ್ಟು ಬೇಡಿಕೊಳ್ಳುತ್ತಾಳೆ. ಬೇರೆ ಕಥೆಯಾಗಿದ್ದರೆ ನಾಯಕಿ ಕೈ ಎತ್ತಿ ಪ್ರತಿಜ್ಞೆ ಮಾಡುತ್ತಿದ್ದಳು. ಬಾಲ್ಸಾ ಹಾಗೆ ಮಾಡುವುದಿಲ್ಲ. ಸತ್ತವಳಿಗೆ ಹಣ ಯಾಕೆ ಬೇಕು ಅಂತಾಳೆ. ಗುಟ್ಟು ಹೇಳಿಬಿಟ್ಟ ಮೇಲೆ ಒಲ್ಲೆ ಅಂದರೂ ನನ್ನ ಜೀವ ಉಳಿಯುವುದಿಲ್ಲ ಅನ್ನುವುದನ್ನು ರಾಣಿಯ ಮುಖಕ್ಕೇ ಹೇಳುತ್ತಾಳೆ. ಆಮೇಲೆ ಒಪ್ಪಿಕೊಳ್ಳುತ್ತಾಳೆ. ಈ ಒಂದು ಮಾತುಕತೆ ನೋಡಿದ ಕೂಡಲೇ ನನಗೆ ಇವಳ ಮೇಲೆ ನಂಬಿಕೆ ಬಂತು. ಕೆಲಸ ಒಪ್ಪಿಕೊಳ್ಳುವ ಮುಂಚೆ ಅದರ ಕಷ್ಟ ನೇರವಾಗಿ ಹೇಳುವವರು ಕೆಲಸ ಬಲ್ಲವರು.

ಅವಳಿಗೆ ಒಂದು ಹರಕೆ ಇದೆ. ಚಿಕ್ಕವಳಿದ್ದಾಗ ಅವಳ ಪ್ರಾಣ ಉಳಿಸಲಿಕ್ಕೆ ಜಿಗುರೊ ಅನ್ನುವ ವೀರ ತನ್ನದೇ ಸ್ನೇಹಿತರು ಎಂಟು ಜನರನ್ನು ಕೊಲ್ಲಬೇಕಾಯಿತು. ಆ ಎಂಟು ಪ್ರಾಣಕ್ಕೆ ಬದಲಾಗಿ ಎಂಟು ಪ್ರಾಣ ಉಳಿಸುತ್ತೇನೆ ಅಂತ ಅವಳು ತೀರ್ಮಾನ ಮಾಡಿಕೊಂಡಿದ್ದಾಳೆ. ಅದಕ್ಕೇ ಕಾದಾಡುವಾಗಲೂ ಎದುರಾಳಿ ಸಾಯದ ಹಾಗೆ ನೋಡಿಕೊಳ್ಳುತ್ತಾಳೆ. ಅಕ್ಕನ ಮಗಳು, ಏಳನೇ ಕ್ಲಾಸು, ನನ್ನ ಪಕ್ಕ ಕೂತು ಇದನ್ನು ನೋಡಿದವಳು, “ಮಾಮ, ಇವಳು ನಮ್ಮ ಓಬವ್ವನ ಥರ ಅಲ್ವಾ?” ಅಂತ ಕೇಳಿದಳು. ದುರ್ಗದ ಮಕ್ಕಳಿಗೆ ಆಯುಧ ಹಿಡಿದ ಹೆಂಗಸು ಕಂಡರೆ ಮೊದಲು ನೆನಪಾಗುವುದು ಓಬವ್ವನೇ. ಧೈರ್ಯದಲ್ಲಿ ಹೌದು ಅಂದೆ. ಓಬವ್ವ ನೀರು ತರಲು ಹೋದಾಗ ಕಿಂಡಿಯಲ್ಲಿ ಹೈದರನ ಸೈನಿಕರು ನುಗ್ಗುತ್ತಿದ್ದರು, ಅವರನ್ನು ಕೊಲ್ಲದೆ ಕೋಟೆ ಉಳಿಯುತ್ತಿರಲಿಲ್ಲ, ಅವಳ ಮುಂದೆ ಬೇರೆ ದಾರಿ ಇರಲಿಲ್ಲ. ಬಾಲ್ಸಾಗೆ ಇರುವ ಕಷ್ಟ ಬೇರೆ. ಅವಳನ್ನು ಕೊಲ್ಲಲು ಬಂದವರ ಪ್ರಾಣವನ್ನೂ ಅವಳೇ ಉಳಿಸಬೇಕು, ಹುಡುಗನನ್ನೂ ಉಳಿಸಬೇಕು. ಅದು ಎಷ್ಟು ಕಷ್ಟ ಅಂತ ಮೂರನೇ ಎಪಿಸೋಡ್‌ನಲ್ಲಿ ಗೊತ್ತಾಗುತ್ತದೆ.

ಆ ಮೂರನೇ ಎಪಿಸೋಡ್ ಬಗ್ಗೆ ಹೇಳಲೇಬೇಕು. ಭತ್ತದ ಗದ್ದೆಯಲ್ಲಿ ಚಕ್ರವರ್ತಿ ಗುಟ್ಟಾಗಿ ಬಿಟ್ಟ ಆಳುಗಳಾದ ನಾಲ್ಕು ಜನ ಅರಮನೆ ಬೇಟೆಗಾರರು, ಇವಳೊಬ್ಬಳು. ಮಂತ್ರ ಇಲ್ಲ, ಬೆಳಕಿನ ಕಿರಣ ಇಲ್ಲ, ಗಾಳಿಯಲ್ಲಿ ಹಾರುವುದಿಲ್ಲ. ಭರ್ಜಿಯ ಉದ್ದ ಎಷ್ಟು, ಕತ್ತಿ ಹಿಡಿದವನು ಎಷ್ಟು ಹತ್ತಿರ ಬಂದರೆ ಅಪಾಯ, ಕೆಸರಲ್ಲಿ ಕಾಲು ಎಲ್ಲಿ ಊರಬೇಕು, ಒಬ್ಬನನ್ನು ಹೇಗೆ ಇನ್ನೊಬ್ಬನಿಗೆ ಅಡ್ಡ ನಿಲ್ಲಿಸಬೇಕು ಅನ್ನುವುದೆಲ್ಲ ಕಣ್ಣಿಗೆ ಕಾಣುತ್ತದೆ. ನಾಲ್ವರೂ ಹೆಚ್ಚು ಮಾತಾಡುವುದಿಲ್ಲ. ಅವರೂ ಕೆಲಸದಲ್ಲಿ ಪಳಗಿದವರು. ಕೆಲವು ನಿಮಿಷದ ಈ ಕಾಳಗವನ್ನು ನಿಧಾನಕ್ಕೆ ಹಿಂದೆ ಮುಂದೆ ಓಡಿಸಿ ನೋಡಿ, ಒಂದು ಏಟೂ ಸುಮ್ನೆ ಹಾಕಿಲ್ಲ. ಗೆದ್ದ ಮೇಲೂ ಅವಳ ಮೈಯಿಂದ ರಕ್ತ ಹೋಗುತ್ತದೆ, ಗಾಯ ವಾಸಿಯಾಗಲು ದಿನಗಳು ಬೇಕಾಗುತ್ತವೆ, ಭರ್ಜಿ ಹಾಳಾಗುತ್ತದೆ.

ಭರ್ಜಿ ಹಾಳಾದ್ದಕ್ಕೆ ಎಂಟನೇ ಎಪಿಸೋಡ್ ಇದೆ. ನನಗೆ ಇಡೀ ಸರಣಿಯಲ್ಲಿ ಅತಿ ಇಷ್ಟವಾದದ್ದು ಇದೇ. ಇದರಲ್ಲಿ ಹೊಡೆದಾಟವೇ ಇಲ್ಲ. ಬಾಲ್ಸಾ ಹುಡುಗನನ್ನು ಕರೆದುಕೊಂಡು ಒಬ್ಬ ಹಳೆಯ ಕಮ್ಮಾರನ ಮನೆಗೆ ಹೋಗುತ್ತಾಳೆ. ಹೊಸ ಭರ್ಜಿ ಮಾಡಿಕೊಡು ಅಂತಾಳೆ. ಅವನು ದುಡ್ಡಿನ ಮಾತು ಎತ್ತುವುದಿಲ್ಲ, ಕಾರಣ ಕೇಳುತ್ತಾನೆ. ಅದೇ ಹೊತ್ತಿಗೆ ಅವಳನ್ನು ಅಟ್ಟಿಸಿಕೊಂಡು ಬಂದಿದ್ದ ಬೇಟೆಗಾರರಲ್ಲಿ ಇಬ್ಬರು ತಮ್ಮ ಕತ್ತಿ ರಿಪೇರಿಗೆ ಅಲ್ಲಿಗೇ ಬರುತ್ತಾರೆ. ಬಾಲ್ಸಾ ಮತ್ತು ಹುಡುಗ ಪಕ್ಕದ ಕೋಣೆಯಲ್ಲಿ, ನಡುವೆ ತೆಳುವಾದ ಬಾಗಿಲು. ಕಮ್ಮಾರ ಎರಡೂ ಕಡೆಯವರಿಗೂ ಪರಿಚಿತ. ಅವನು ಬಂದವರನ್ನು ಕೂರಿಸಿ ಮಾತಿಗೆ ಎಳೆಯುತ್ತಾನೆ, ಕತ್ತಿಯ ಗಾಯ ನೋಡಿ ಆ ಕಾಳಗ ಹೇಗೆ ನಡೆಯಿತು ಅಂತ ಅವರ ಬಾಯಿಂದಲೇ ಹೊರಡಿಸುತ್ತಾನೆ. ಗೋಡೆಯ ಆಚೆ ಉಸಿರು ಬಿಗಿಹಿಡಿದು ಕೂತ ಇವಳಿಗೆ ಎಲ್ಲ ಕೇಳಿಸುತ್ತದೆ.

ಯಾಕೆ ಇಷ್ಟ ಅಂದರೆ, ನನ್ನ ಕೆಲಸವೂ ಹಾಗೇ. ಸುಟ್ಟ ಮೋಟಾರ್ ಬಿಚ್ಚಿ ಒಳಗೆ ನೋಡಿದರೆ ಏನಾಯಿತು ಅಂತ ಗೊತ್ತಾಗುತ್ತದೆ. ವೈಂಡಿಂಗ್ ಪೂರ್ತಿ ಒಂದೇ ಸಮ ಕಪ್ಪಾಗಿದೆಯೋ, ಒಂದು ಫೇಸಿನ ಕಾಯಿಲ್ ಮಾತ್ರ ಚೆನ್ನಾಗಿ ಉಳಿದಿದೆಯೋ, ಬೇರಿಂಗ್ ಸವೆದು ಉಜ್ಜಿದೆಯೋ ನೋಡಿದರೆ ಸಾಕು. ವೋಲ್ಟೇಜ್ ಕಮ್ಮಿ ಇದ್ದಾಗ ಓಡಿಸಿದರಾ, ಒಂದು ಫೇಸ್ ಹೋಗಿತ್ತಾ, ನೀರು ಬತ್ತಿದ ಮೇಲೂ ಓಡಿಸಿದರಾ ಅಂತ ರೈತ ಬಾಯಿ ಬಿಡುವ ಮುಂಚೆಯೇ ಹೇಳಬಹುದು. ಕೈಕೆಲಸದವನು ವಸ್ತುವನ್ನು ಹೇಗೆ ಓದುತ್ತಾನೆ ಅನ್ನುವುದನ್ನು ಇಷ್ಟು ಸರಿಯಾಗಿ ತೋರಿಸಿದ್ದು ನಾನು ಬೇರೆಲ್ಲೂ ನೋಡಿಲ್ಲ. ಆ ಕಮ್ಮಾರನ ಪಾತ್ರ ಮತ್ತೆ ಹೆಚ್ಚು ಬರುವುದಿಲ್ಲ. ಬಂದಷ್ಟು ಹೊತ್ತು ಅವನ ಕೈ, ಅವನ ಕಣ್ಣು ಎರಡೂ ನಿಜ.

ಇನ್ನು ಫ್ಯಾಂಟಸಿ ವಿಷಯ. ಈ ಕಥೆಯಲ್ಲಿ ಎರಡು ಲೋಕ ಇವೆ. ನಮಗೆ ಕಾಣುವುದು ಸಾಗು, ಕಾಣದ್ದು ನಾಯುಗು. ಎರಡೂ ಬೇರೆ ಬೇರೆ ಕಡೆ ಇಲ್ಲ. ಒಂದೇ ಜಾಗದಲ್ಲಿ, ಒಂದರ ಮೇಲೊಂದು ಇವೆ. ಇಲ್ಲಿ ಬಯಲು ಇದ್ದ ಕಡೆ ಅಲ್ಲಿ ಆಳವಾದ ನೀರು ಇರಬಹುದು. ಚಾಗುಮ್‌ಗೆ ಕೆಲವು ಸಲ ಎರಡೂ ಒಟ್ಟಿಗೆ ಕಾಣುತ್ತದೆ, ಒಣ ನೆಲದ ಮೇಲೆ ನಿಂತಿದ್ದರೂ ನೀರಲ್ಲಿ ಮುಳುಗಿದ ಹಾಗಾಗುತ್ತದೆ. ಅವನೊಳಗೆ ಇರುವುದು ನಾಯುಗು ಲೋಕದ ಒಂದು ನೀರಿನ ಜೀವದ ಮೊಟ್ಟೆ. ಆ ಜೀವ ನೂರು ವರ್ಷಕ್ಕೊಮ್ಮೆ ಮೊಟ್ಟೆ ಇಡುತ್ತದೆ. ಆ ಮೊಟ್ಟೆ ತಿನ್ನಲು ಕಾದಿರುವ ಬೇರೊಂದು ಪ್ರಾಣಿಯೂ ಇದೆ. ಒಟ್ಟಿನಲ್ಲಿ ಇಲ್ಲಿ ಮಾಯೆ ಅಂದರೆ ಪ್ರಕೃತಿಯೇ. ಅದಕ್ಕೆ ಅದರದೇ ಕಾಲ ಇದೆ, ಹಸಿವು ಇದೆ, ನಿಯಮ ಇದೆ.

ನೂರು ವರ್ಷಕ್ಕೊಮ್ಮೆ ಅನ್ನುವ ಈ ಮಾತನ್ನು ಹಿಡಿದುಕೊಂಡು ನೋಡಿ, ಸರಣಿಯ ಜೀವ ಇಲ್ಲೇ ಇದೆ. ಹಿಂದಿನ ಸಲ ಏನು ನಡೆಯಿತು ಅಂತ ಕಣ್ಣಾರೆ ಕಂಡವರು ಯಾರೂ ಈಗ ಬದುಕಿಲ್ಲ. ಅರಮನೆಯ ಚರಿತ್ರೆ ಒಂದು ಹೇಳುತ್ತದೆ. ಆ ನೆಲದ ಮೂಲ ಜನರಾದ ಯಾಕೂಗಳ ಕಥೆ ಇನ್ನೊಂದು ಹೇಳುತ್ತದೆ. ಆ ಜನರೋ ಯೋಗೊ ಜನರ ಜೊತೆ ಬೆರೆತು, ಅರ್ಧಕ್ಕೆ ಅರ್ಧ ಮರೆತುಬಿಟ್ಟಿದ್ದಾರೆ. ಹುಡುಗನನ್ನು ಉಳಿಸಬೇಕಾದರೆ ಮರೆತದ್ದನ್ನು ಹುಡುಕಬೇಕು.

ಚಿತ್ರದುರ್ಗ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಾಣಿ ವಿಲಾಸ ಸಾಗರ, ನಮ್ಮ ಜನ ಮಾರಿಕಣಿವೆ ಅನ್ನುವ ಡ್ಯಾಮ್, 1933ರಲ್ಲಿ ಕೋಡಿ ಬಿದ್ದಿತ್ತು. ಆಮೇಲೆ ಬಿದ್ದಿದ್ದು 2022ರ ಸೆಪ್ಟೆಂಬರ್‌ನಲ್ಲಿ, 89 ವರ್ಷ ಆದ ಮೇಲೆ. ಹಿಂದಿನ ಕೋಡಿ ಕಂಡವರು ಯಾರಿದ್ದರು? ಎಲ್ಲೋ ಒಬ್ಬರೋ ಇಬ್ಬರೋ ತೊಂಬತ್ತು ದಾಟಿದ ಅಜ್ಜ ಅಜ್ಜಿಯರು ಇದ್ದಿರಬೇಕು. ಉಳಿದವರಿಗೆಲ್ಲ ಅದು ಕೇಳಿದ ಮಾತು. ಡ್ಯಾಮ್ ತುಂಬುವುದಿಲ್ಲ, ಅದು ತುಂಬುವ ಡ್ಯಾಮೇ ಅಲ್ಲ ಅಂತ ಗಟ್ಟಿಯಾಗಿ ಹೇಳುತ್ತಿದ್ದವರನ್ನು ನಾನೇ ನೋಡಿದ್ದೇನೆ. ಕೋಡಿ ಬಿದ್ದ ದಿನಗಳಲ್ಲಿ ಹಿರಿಯೂರು ಕಡೆಗೆ ಜನ ಬುತ್ತಿ ಕಟ್ಟಿಕೊಂಡು ಹೋದರು. ನಾವೂ ಹೋದೆವು. ನೀರು ಒಂದು ತಲೆಮಾರು ಬರದೆ ಹೋದರೆ ನೀರಿನ ಬಗ್ಗೆ ಗೊತ್ತಿದ್ದದ್ದೂ ಹೋಗುತ್ತದೆ. ಮೊರಿಬಿತೊ ಹೇಳುವುದು ಇದೇ ಮಾತನ್ನು, ಒಂದು ಮಗುವಿನ ಪ್ರಾಣ ಒತ್ತೆ ಇಟ್ಟು.

ಅರಮನೆ ಒಳಗೂ ಇದನ್ನು ಹುಡುಕುವವನು ಒಬ್ಬನಿದ್ದಾನೆ, ಶುಗಾ. ನಕ್ಷತ್ರ ನೋಡಿ ರಾಜ್ಯದ ಭವಿಷ್ಯ ಹೇಳುವ ಪಂಡಿತರಲ್ಲಿ ಚಿಕ್ಕ ವಯಸ್ಸಿನವನು, ಚಾಗುಮ್‌ಗೆ ಪಾಠ ಹೇಳಿದವನು. ಬರ ಬರುತ್ತದೆ ಅಂತ ಅವನಿಗೆ ಕಾಣುತ್ತಿದೆ, ಯಾಕೆ ಅಂತ ಕಾಣುತ್ತಿಲ್ಲ. ನೆಲಮಾಳಿಗೆಯಲ್ಲಿ ಬಚ್ಚಿಟ್ಟ ಹಳೆಯ ಕಲ್ಲುಹಲಗೆಗಳನ್ನು ದೀಪದ ಬೆಳಕಿನಲ್ಲಿ ಒಂದೊಂದೇ ಅಕ್ಷರ ಬಿಡಿಸುತ್ತಾ ಕೂರುತ್ತಾನೆ. ಇವನನ್ನು ಖಳ ಮಾಡುವುದು ಸುಲಭ ಇತ್ತು, ಮಾಡಿಲ್ಲ. ನಮ್ಮ ಕಡೆ ಬೇಸಿಗೆಯಲ್ಲಿ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲದಲ್ಲಿ ನಡೆದು ಬೋರ್ ಪಾಯಿಂಟ್ ಹಾಕುವವರಿದ್ದಾರೆ. ಅವರ ಮುಖ ನೋಡುತ್ತಾ ಇಡೀ ಮನೆ ನಿಂತಿರುತ್ತದೆ. ಆ ಹೊತ್ತಿನಲ್ಲಿ ಪಾಯಿಂಟ್ ಹಾಕುವವರ ಮೇಲೆ ಬೀಳುವ ಭಾರ ಎಂಥದ್ದು ಅಂತ ಶುಗಾನನ್ನು ನೋಡುವಾಗ ನನಗೆ ಅನ್ನಿಸುತ್ತಿತ್ತು. ಇಡೀ ರಾಜ್ಯಕ್ಕೆ ಪಾಯಿಂಟ್ ಹಾಕಬೇಕಾದವನು ಅವನು.

ಇನ್ನೊಂದು ಕಡೆ ಇರುವವಳು ತೊರೊಗಾಯ್, ಯಾಕೂ ಜನರ ಮುದುಕಿ, ಎರಡೂ ಲೋಕದ ಗುಟ್ಟು ಬಲ್ಲವಳು. ಒರಟು ಬಾಯಿ, ಯಾರಿಗೂ ಹೆದರುವುದಿಲ್ಲ. ಅವಳ ಶಿಷ್ಯ ಟಂಡಾ, ಗಿಡಮೂಲಿಕೆ ಔಷಧಿ ಕೊಡುವವನು, ಬಾಲ್ಸಾಳ ಬಾಲ್ಯದ ಗೆಳೆಯ. ಇವರೆಲ್ಲ ಯಾಕೂಗಳ ಒಂದು ಹಳೆಯ ಹಳ್ಳಿಗೆ ಹೋಗುವುದು 18ನೇ ಎಪಿಸೋಡ್‌ನಲ್ಲಿದೆ. ರಾಜಚರಿತ್ರೆ ಬಿಟ್ಟ ಮಾತು ಹಬ್ಬದ ಆಚರಣೆಯಲ್ಲಿ, ಹಳ್ಳಿಯವರು ಅರ್ಥ ಮರೆತು ಹಾಡುವ ಪದದಲ್ಲಿ ಉಳಿದಿರಬಹುದು ಅನ್ನುವ ಆಸೆ ಅವರದು. ನೋಡುವಾಗ ನನಗೆ ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಜನಪದ ಹಾಡುಗಾರ್ತಿ ಸಿರಿಯಜ್ಜಿ ನೆನಪಾದರು. ಓದು ಬರಹ ಕಲಿತವರಲ್ಲ, ಸಾವಿರಾರು ಪದ ಬಾಯಲ್ಲೇ ಇದ್ದವು. ಮಳೆ ಹೋದಾಗ ಹಳ್ಳಿ ಮಕ್ಕಳು ಮಣ್ಣಿನ ಮಳೆರಾಯನನ್ನು ಹಲಗೆ ಮೇಲೆ ಕೂರಿಸಿ, ತಲೆ ಮೇಲೆ ಹೊತ್ತು ಮನೆ ಮನೆಗೆ ಬರುತ್ತಿದ್ದರಲ್ಲ, ಹೆಂಗಸರು ಬಿಂದಿಗೆ ನೀರು ಸುರಿದು ಮೊರದಲ್ಲಿ ಹಿಟ್ಟು ಕೊಡುತ್ತಿದ್ದರಲ್ಲ, ಅದೂ ನೆನಪಾಯಿತು. ಅದನ್ನು ಶುರು ಮಾಡಿದವರು ಯಾರು, ಯಾವ ಬರದಲ್ಲಿ ಶುರುವಾಯಿತು, ಯಾರಿಗೆ ಗೊತ್ತು? ಮಕ್ಕಳ ಆಟ ಅಂತ ಬಿಡುವ ಹಾಗಿಲ್ಲ.

ಇದನ್ನು ಬರೆದವರು ನಹೊಕೊ ಉಏಹಾಶಿ. ಜಪಾನಿನಲ್ಲಿ ಮೂಲ ಕಾದಂಬರಿ ಬಂದಿದ್ದು 1996ರಲ್ಲಿ. ಅವರು ಮಾನವಶಾಸ್ತ್ರದ ಪ್ರಾಧ್ಯಾಪಕಿ, ಆಸ್ಟ್ರೇಲಿಯಾದ ಮೂಲನಿವಾಸಿಗಳ ನಡುವೆ ಅಧ್ಯಯನ ಮಾಡಿದವರು. ಯಾಕೂ ಜನರ ಬದುಕು ಯಾಕೆ ಇಷ್ಟು ನಿಜ ಅನ್ನಿಸುತ್ತದೆ ಅನ್ನುವುದಕ್ಕೆ ಇಲ್ಲಿ ಉತ್ತರ ಇದೆ. ಮಕ್ಕಳ ಸಾಹಿತ್ಯಕ್ಕೆ ಕೊಡುವ ದೊಡ್ಡ ಅಂತರರಾಷ್ಟ್ರೀಯ ಗೌರವವಾದ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿ 2014ರಲ್ಲಿ ಅವರಿಗೆ ಬಂತು. ಅನಿಮೆ ಮಾಡಿದ್ದು ಪ್ರೊಡಕ್ಷನ್ ಐಜಿ ಸ್ಟುಡಿಯೊ, ನಿರ್ದೇಶಕ ಕೆಂಜಿ ಕಮಿಯಾಮ. ಸಂಗೀತ ಕೆಂಜಿ ಕವಾಯಿ ಅವರದು. ಹಿನ್ನೆಲೆ ಚಿತ್ರಗಳಿಗಾಗಿಯೇ ಒಮ್ಮೆ ದೊಡ್ಡ ಪರದೆಯಲ್ಲಿ ನೋಡಿ. ಗದ್ದೆಯ ನೀರಲ್ಲಿ ಕಾಣುವ ಮೋಡ, ಪೇಟೆ ಬೀದಿಯ ಅಂಗಡಿ, ನೀರಿನ ಗಿರಣಿಯ ಚಕ್ರದ ಮೇಲಿನ ಪಾಚಿ, ಎಲ್ಲ ಪುರುಸೊತ್ತಾಗಿ ಬರೆದಿದ್ದಾರೆ.

ಆ ನೀರಿನ ಗಿರಣಿಯ ವಿಷಯ ಹೇಳುತ್ತೇನೆ, ಯಾಕೆಂದರೆ ಹೊಸಬರು ಎದ್ದು ಹೋಗುವುದು ಅಲ್ಲೇ. ಮೊದಲ ಆರು ಎಪಿಸೋಡ್ ಓಟವೋ ಓಟ. ಆಮೇಲೆ ಅಟ್ಟಿಸಿಕೊಂಡು ಬಂದವರಿಗೆ ಇವರು ಸತ್ತರು ಅನ್ನುವ ನಂಬಿಕೆ ಬರುತ್ತದೆ. ಬಾಲ್ಸಾ ಮತ್ತು ಚಾಗುಮ್ ಒಂದು ಹಳೆಯ ಗಿರಣಿ ಮನೆ ಹಿಡಿದು, ಸಾಧಾರಣ ಜನರ ಹಾಗೆ ಬದುಕಲು ಶುರು ಮಾಡುತ್ತಾರೆ. ಕಥೆ ನಿಧಾನ ಆಗುತ್ತದೆ. ನಿಜವಾಗಿ ನಿಧಾನ. ಅರಮನೆಯಲ್ಲಿ ಹುಟ್ಟಿದ ಹುಡುಗ ಜನರ ನಡುವೆ ಮಾತಾಡುವುದನ್ನು ಕಲಿಯುತ್ತಾನೆ. ಟೋಯಾ ಅಂತ ಒಬ್ಬ ಹುಡುಗ ಇದ್ದಾನೆ, ಅಪ್ಪ ಅಮ್ಮ ಇಲ್ಲದವನು, ಹೇಳಿದ ಕೆಲಸ ಮಾಡಿಕೊಟ್ಟು, ತರಬೇಕಾದ ಸಾಮಾನು ತಂದುಕೊಟ್ಟು ಬದುಕುತ್ತಾನೆ. ಸಾಯಾ ಅನ್ನುವ ಹುಡುಗಿಯೂ ಅವನ ಜೊತೆಗಿದ್ದಾಳೆ. ಇವರ ಸಹವಾಸದಲ್ಲಿ ರಾಜಕುಮಾರನಿಗೆ ಊರು ಗೊತ್ತಾಗುತ್ತದೆ. ಬೇಸಿಗೆ ಹಬ್ಬದ ಎಪಿಸೋಡ್‌ನಲ್ಲಿ ಊರ ಹುಡುಗರ ಜೊತೆ ಕುಸ್ತಿಯ ಹಾಗಿನ ಒಂದು ಆಟಕ್ಕೂ ಇಳಿಯುತ್ತಾನೆ. ದಾವಣಗೆರೆ, ಹರಿಹರ ಕಡೆ ಜಾತ್ರೆ ಕುಸ್ತಿ ನೋಡಿ ಬೆಳೆದವರು ಅದನ್ನು ನೋಡಿ ಖಂಡಿತ ಕೂತಲ್ಲೇ ಭುಜ ಅಲ್ಲಾಡಿಸುತ್ತಾರೆ.

ಇಲ್ಲಿ ಏನೂ ಆಗುತ್ತಿಲ್ಲ ಅಂತ ನಿಲ್ಲಿಸಬೇಡಿ. ಈ ಎಪಿಸೋಡ್‌ಗಳಲ್ಲಿ ಬಾಲ್ಸಾ, ಚಾಗುಮ್, ಟಂಡಾ ಮೂರು ಜನ ಒಂದು ಮನೆಯವರಾಗುತ್ತಾರೆ. ಯಾರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಬಾಲ್ಸಾ ಅನ್ನ ಬಡಿಸುವ ರೀತಿ ಬದಲಾಗುತ್ತದೆ, ಹುಡುಗ ಟಂಡಾನ ಬರವು ಕಾಯುವ ರೀತಿ ಬದಲಾಗುತ್ತದೆ, ಅಷ್ಟೇ. ಹದಿನಾರನೇ ಎಪಿಸೋಡ್ ಹೊತ್ತಿಗೆ ತನ್ನೊಳಗೆ ಇರುವುದರಿಂದ ತನಗೆ ಏನಾಗಬಹುದು ಅನ್ನುವುದು ಚಾಗುಮ್‌ಗೆ ತಿಳಿಯುತ್ತದೆ. ಆಗ ಅವನ ಸಿಟ್ಟು ಹೊರಗೆ ಬರುತ್ತದಲ್ಲ, ಹಿಂದಿನ ಆ ನಿಧಾನದ ದಿನಗಳನ್ನು ಕೂತು ನೋಡಿದವರಿಗೆ ಮಾತ್ರ ಅದು ಪೂರ್ತಿ ತಟ್ಟುತ್ತದೆ. ನನ್ನ ಅಕ್ಕನ ಮಗಳು ಅವತ್ತು ಊಟಕ್ಕೆ ಕರೆದರೂ ಏಳಲಿಲ್ಲ. “ಅವನ ತಪ್ಪು ಏನಿದೆ ಮಾಮ?” ಅಂತ ಅಷ್ಟೇ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಬಾಲ್ಸಾ ಹತ್ತಿರವೂ ಇಲ್ಲ, ಅವಳು ಬೇರೆ ಏನೋ ಮಾಡುತ್ತಾಳೆ. ಅದನ್ನು ನೀವೇ ನೋಡಬೇಕು.

ಹಿಡಿಸದ ವಿಷಯಗಳೂ ಇವೆ. ಶುರುವಿನ ಹಾಡು ಇಂದಿನ ರಾಕ್ ಬ್ಯಾಂಡಿನದು, ಕೇಳಲು ಚೆನ್ನಾಗಿದೆ, ಈ ಕಥೆಯ ಮೈಗೆ ಒಗ್ಗುವುದಿಲ್ಲ. ನಾಯುಗು ಲೋಕದ ಕೆಲವು ದೃಶ್ಯಗಳಲ್ಲಿ ಕಂಪ್ಯೂಟರ್ ಚಿತ್ರ ಬಳಸಿದ್ದಾರೆ, ಕೈಯಲ್ಲಿ ಬರೆದ ಬೆಟ್ಟ ಗದ್ದೆಗಳ ಪಕ್ಕ ಅವು ಈಗ ಹಳೆಯದಾಗಿ ಕಾಣುತ್ತವೆ. ಮೊದಲೆರಡು ಎಪಿಸೋಡ್‌ನಲ್ಲಿ ಹೆಸರುಗಳ ಕಾಟ ಜಾಸ್ತಿ, ರಾಜ್ಯದ ಹೆಸರು, ಜನರ ಹೆಸರು, ಪದವಿಯ ಹೆಸರು ಒಟ್ಟಿಗೆ ಬರುತ್ತವೆ. ಬಾಲ್ಸಾ, ಚಾಗುಮ್, ಶುಗಾ ಮೂರು ನೆನಪಿಟ್ಟುಕೊಂಡರೆ ಸಾಕು, ಉಳಿದದ್ದು ತಾನಾಗೇ ಕೂರುತ್ತದೆ. ಇನ್ನು ಚಕ್ರವರ್ತಿ. ಮಗನನ್ನು ಕೊಲ್ಲಲು ಹೇಳಿದ ಅಪ್ಪನ ಮನಸ್ಸಲ್ಲಿ ಏನಿತ್ತು ಅಂತ ಇನ್ನಷ್ಟು ತೋರಿಸಬೇಕಿತ್ತು. ಇಷ್ಟೆಲ್ಲರನ್ನೂ ಮನುಷ್ಯರ ಹಾಗೆ ತೋರಿಸಿದವರು ಅವನನ್ನು ಮಾತ್ರ ಪರದೆ ಹಿಂದೆಯೇ ಕೂರಿಸಿಬಿಟ್ಟರು.

ಹತ್ತು ವರ್ಷ ದಾಟಿದ ಮಕ್ಕಳ ಜೊತೆ ಧೈರ್ಯವಾಗಿ ನೋಡಬಹುದು. ಮೂರನೇ ಎಪಿಸೋಡ್‌ನ ಗಾಯ, ಆಮೇಲೆ ಕೆಲವು ಸಾವು, ಇಷ್ಟು ಬಿಟ್ಟರೆ ಮಕ್ಕಳ ಮುಂದೆ ಮುಜುಗರ ಆಗುವಂಥದ್ದು ಏನೂ ಇಲ್ಲ. ಅಮ್ಮಂದಿರು ಕೂತು ನೋಡಲಿ, ಅವರಿಗೆ ಬಾಲ್ಸಾ ಖಂಡಿತ ಇಷ್ಟ ಆಗುತ್ತಾಳೆ. ನಮ್ಮ ಅಕ್ಕ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು, ಕೊನೆಕೊನೆಗೆ ಒಲೆ ಆರಿಸಿ ಬಂದು ಕೂರುತ್ತಿದ್ದಳು. ದಿನಕ್ಕೊಂದು ಕಾಳಗ ಬೇಕು ಅನ್ನುವವರಿಗೆ ಮಾತ್ರ ನಾನು ಇದನ್ನು ಹೇಳುವುದಿಲ್ಲ, ಅವರಿಗೆ ಬೇಸರ ಆಗುತ್ತದೆ.

ನೋಡುವ ಕ್ರಮ ಹೀಗಿರಲಿ. ಮೊದಲ ಮೂರು ಎಪಿಸೋಡ್ ಒಂದೇ ಸಲ ನೋಡಿ, ಭಾನುವಾರ ಮಧ್ಯಾಹ್ನ ಆದರೆ ಒಳ್ಳೆಯದು. ಆಮೇಲೆ ರಾತ್ರಿಗೆ ಎರಡರ ಲೆಕ್ಕ ಸಾಕು. ಜಪಾನಿ ಧ್ವನಿಯಲ್ಲೇ ನೋಡಿ, ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳಿ. ಸಬ್‌ಟೈಟಲ್ ಓದಲು ಕಷ್ಟ ಪಡುವ ಹಿರಿಯರಿದ್ದರೆ ಒಬ್ಬರು ಪಕ್ಕದಲ್ಲಿ ಕೂತು ಹೇಳುತ್ತಾ ಹೋಗಲಿ, ಮಾತು ಕಮ್ಮಿ ಇರುವ ಸರಣಿ, ತೊಂದರೆ ಆಗುವುದಿಲ್ಲ. ಚಾಗುಮ್‌ಗೆ ಧ್ವನಿ ಕೊಟ್ಟಿದ್ದು ನಿಜವಾಗಿ ಒಬ್ಬ ಹುಡುಗನೇ, ಅವನು ಅಳುವಾಗ ಆ ವ್ಯತ್ಯಾಸ ಗೊತ್ತಾಗುತ್ತದೆ. ಸ್ಟ್ರೀಮಿಂಗ್ ಆ್ಯಪ್‌ಗಳಲ್ಲಿ ಇವತ್ತು ಇದ್ದದ್ದು ನಾಳೆ ಇರುವುದಿಲ್ಲ, ಹಾಗಾಗಿ ದುಡ್ಡು ಕಟ್ಟುವ ಮುಂಚೆ ಸರಣಿ ಅದರಲ್ಲಿ ಇದೆಯಾ ಅಂತ ಹುಡುಕಿ ನೋಡಿ. ಮುಗಿಯುವವರೆಗೆ ಇದರ ಬಗ್ಗೆ ಬೇರೆಲ್ಲೂ ಓದಬೇಡಿ. ನೀರಿನ ಜೀವದ ನಿಜ ಏನು ಅನ್ನುವುದು ಮೊದಲೇ ಗೊತ್ತಾದರೆ ಶುಗಾನ ಜೊತೆ ಹುಡುಕುವ ಖುಷಿ ಹೋಗುತ್ತದೆ.

ಮುಗಿದ ಮೇಲೆ ಇನ್ನೂ ಬೇಕು ಅನ್ನಿಸಿದರೆ ಪುಸ್ತಕ ಇದೆ. ಅನಿಮೆ ತೆಗೆದುಕೊಂಡಿರುವುದು ಮೊದಲ ಕಾದಂಬರಿ ಮಾತ್ರ, ಜಪಾನಿಯಲ್ಲಿ ಮುಖ್ಯ ಕಥೆ ಹತ್ತು ಸಂಪುಟ. ಅದರಲ್ಲಿ ಮೊದಲ ಎರಡನ್ನು ಕ್ಯಾಥಿ ಹಿರಾನೊ ಇಂಗ್ಲಿಷ್‌ಗೆ ತಂದಿದ್ದಾರೆ, 2008ರಲ್ಲಿ ಒಂದು, 2009ರಲ್ಲಿ ಇನ್ನೊಂದು. ಹೈಸ್ಕೂಲ್ ಮಕ್ಕಳು ಓದಬಹುದಾದಷ್ಟು ಸುಲಭದ ಇಂಗ್ಲಿಷ್. ಎರಡನೆಯದರಲ್ಲಿ ಬಾಲ್ಸಾ ತಾನು ಹುಟ್ಟಿದ ನಾಡು ಕನ್ಬಾಲ್‌ಗೆ ಹೋಗುತ್ತಾಳೆ, ಜಿಗುರೊ ಲೆಕ್ಕ ಅಲ್ಲಿ ಬಿಚ್ಚಿಕೊಳ್ಳುತ್ತದೆ. ಎನ್‌ಎಚ್‌ಕೆಯವರು 2016ರಿಂದ 2018ರವರೆಗೆ ಇದನ್ನೇ ನಟರನ್ನಿಟ್ಟು 22 ಕಂತಿನ ಧಾರಾವಾಹಿಯಾಗಿಯೂ ಮಾಡಿದರು. ಅದನ್ನು ಅನಿಮೆ ಆದ ಮೇಲೆ ನೋಡಿ, ಮೊದಲು ಬೇಡ.